ಕಟಪಾಡಿಯ ಮನೆಯ ಈಜುಕೊಳದಲ್ಲಿ ದಿನಕ್ಕೆ 11 ಮಿ.ಮೀ. ನೀರು ಇಳಿಯುತ್ತಿದೆ: ಖಾಲಿ ಮಾಡಿ ದುರಸ್ತಿ ಮಾಡಿಸಬೇಕೇ?

ಪ್ರಶ್ನೆ – ಕಟಪಾಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಉಡುಪಿ ಬಳಿಯ ಕಟಪಾಡಿಯಲ್ಲಿ, ಉದ್ಯಾವರ ಹೊಳೆಗೆ ಕೂಗಳತೆಯ ದೂರದಲ್ಲಿ ನಮ್ಮ ಮನೆಯಿದೆ. ಮೂರು ವರ್ಷಗಳ ಹಿಂದೆ ಹಿತ್ತಿಲಿನ ತೆಂಗಿನ ಮರಗಳ ಪಕ್ಕದಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಕಾಂಕ್ರೀಟ್ ಈಜುಕೊಳವೊಂದನ್ನು ಕಟ್ಟಿಸಿದೆವು. ಆಳ ಒಂದು ತುದಿಯಲ್ಲಿ 1.2 ಮೀಟರ್, ಇನ್ನೊಂದು ತುದಿಯಲ್ಲಿ 1.6 ಮೀಟರ್ ಇದ್ದು, ಒಟ್ಟು ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಮೊಣಕಾಲು ನೋವಿರುವ ನಮ್ಮ ಅಮ್ಮ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಆ ನೀರಿನಲ್ಲಿ ನಡೆಯುತ್ತಾರೆ. ವೈದ್ಯರು ಹೇಳಿದ ವ್ಯಾಯಾಮಗಳಲ್ಲಿ ಅವರು ತಪ್ಪದೆ ಮಾಡುವುದು ಇದೊಂದನ್ನೇ. ಆದ್ದರಿಂದ ಕೊಳವನ್ನು ಬಹಳ ದಿನ ಮುಚ್ಚಿಡಲು ನಮಗೆ ಮನಸ್ಸಿಲ್ಲ.

ಈಗ ಮಾರ್ಚ್ ತಿಂಗಳು. ಮೂರು ವಾರಗಳಿಂದ ನೀರು ಬೇಗ ಬೇಗ ಇಳಿಯುತ್ತಿದೆ. ಗೋಡೆಗೆ 2 ಸೆಂ.ಮೀ. ಚೌಕದ ಗಾಜಿನ ಮೊಸಾಯಿಕ್ ಅಂಟಿಸಿರುವುದರಿಂದ ಅಳೆಯಲು ಕಷ್ಟವಿಲ್ಲ. ಎರಡು ದಿನಕ್ಕೊಮ್ಮೆ, ನಡುವಿನ ಗ್ರೌಟ್ (ಬಿಲ್ಲೆಗಳ ಸಂದು ತುಂಬುವ ಗಾರೆ) ಗೆರೆಯೂ ಸೇರಿ, ಸರಿಯಾಗಿ ಒಂದು ಸಾಲು ಹೊರಬರುತ್ತದೆ. ಹಾಗೆಂದರೆ ದಿನಕ್ಕೆ ಸುಮಾರು 11 ಮಿ.ಮೀ. ಮೇಲೆ ತೇಲುವ ಕಸವನ್ನು ನೀರಿನ ಜೊತೆ ಪಂಪಿನ ಕಡೆಗೆ ಎಳೆಯುವ ಗೋಡೆಯ ಕಿಂಡಿ, ಅಂದರೆ ಸ್ಕಿಮ್ಮರ್ ಇದೆಯಲ್ಲ, ನೀರು ಅದರ ಬಾಯಿಯ ಅರ್ಧಕ್ಕಿಂತ ಕೆಳಗೆ ಬಂದಾಗ ಪಂಪು ಗಾಳಿಯನ್ನು ಎಳೆದುಕೊಂಡು ಗುಡುಗುಡು ಸದ್ದು ಮಾಡುತ್ತದೆ. ಒಮ್ಮೆ ಪಂಪಿನ ಬುಟ್ಟಿಯ ಪಾರದರ್ಶಕ ಮುಚ್ಚಳದೊಳಗೆ ನೀರೇ ಇಲ್ಲದೆ ಬರೀ ನೊರೆ ತಿರುಗುತ್ತಿದ್ದುದನ್ನು ಕಂಡು ಓಡಿಹೋಗಿ ಸ್ವಿಚ್ ಆರಿಸಿದೆ. ಅಂದಿನಿಂದ ಎರಡು ದಿನಕ್ಕೊಮ್ಮೆ ಬಾವಿಯಿಂದ ನೀರು ತುಂಬಿಸುತ್ತಿದ್ದೇವೆ. ಬೇಸಿಗೆ ಏರುತ್ತಿದ್ದಂತೆ ಆ ಬಾವಿಯ ನೀರಿಗೂ ಸ್ವಲ್ಪ ಸ್ವಲ್ಪವಾಗಿ ಉಪ್ಪಿನ ರುಚಿ ಬರುತ್ತದೆ.

ಕೊಳ ಕಟ್ಟಿದ ಗುತ್ತಿಗೆದಾರರು ಬಂದು ನೋಡಿ, ಗ್ರೌಟ್ ಬಿಟ್ಟಿರಬೇಕು, ಕೊಳವನ್ನು ಪೂರ್ತಿ ಖಾಲಿ ಮಾಡಿ ಹೊಸದಾಗಿ ಗ್ರೌಟ್ ತುಂಬಬೇಕು ಎಂದರು. ಅವರ ಕೆಲಸಗಾರರು ಬಿಡುವಾಗುವುದು ಮೇ ಕೊನೆಯ ವಾರದಲ್ಲಂತೆ. ಅಲ್ಲಿಯವರೆಗೆ ನೀರಿನ ಮಟ್ಟ ತಾನಾಗಿಯೇ ನಿಲ್ಲುವಂತೆ, ಮನೆಯ ಟ್ಯಾಂಕಿಯಲ್ಲಿರುವಂಥ ಫ್ಲೋಟ್ ವಾಲ್ವ್ ಒಂದನ್ನು ಅಳವಡಿಸಿಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟರು. ಇದು ಆವಿಯೋ ಸೋರಿಕೆಯೋ ಎಂದು ತಿಳಿಯುವ ದಾರಿ ಯಾವುದು? ಖಾಲಿ ಮಾಡುವುದು ಸರಿಯೇ? ಫ್ಲೋಟ್ ವಾಲ್ವ್ ಹಾಕಿಸಬಹುದೇ?

ಇನ್ನೊಂದು ಸಣ್ಣ ವಿಷಯ. ಮಹಡಿಯ ಜಗಲಿಯಲ್ಲಿ ನಾಲ್ಕು ಜನ ಕೂರುವ ಹಾಟ್ ಟಬ್ ಇದೆ. ಎಲ್ಲರೂ ಕುಳಿತಿರುವಾಗ ಅದು ಸರಿಯಾಗಿ ನಡೆಯುತ್ತದೆ. ಎಲ್ಲರೂ ಎದ್ದು ಬಂದ ಸ್ವಲ್ಪ ಹೊತ್ತಿನಲ್ಲಿ ಹೀಟರ್ ನಿಂತುಹೋಗಿ ಫಲಕದಲ್ಲಿ ದೋಷದ ಗುರುತು ಮೂಡುತ್ತದೆ. ಇದಕ್ಕೂ ನೀರಿನ ಮಟ್ಟಕ್ಕೂ ಸಂಬಂಧವಿದೆಯೇ?

ಉತ್ತರ 1 – ಕದ್ರಿ, ಮಂಗಳೂರು

ನಮಸ್ಕಾರ. ಮೊದಲು ಒಂದು ಮಾತು: ಎಲ್ಲಿಂದ ಸೋರುತ್ತಿದೆ ಎಂದು ತಿಳಿಯುವವರೆಗೆ ಫ್ಲೋಟ್ ವಾಲ್ವ್ ಹಾಕಿಸಬೇಡಿ. ಅದು ಸೋರಿಕೆಯನ್ನು ನಿಲ್ಲಿಸುವುದಿಲ್ಲ, ನಿಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಮಟ್ಟ ಸದಾ ಸರಿಯಾಗಿಯೇ ಕಾಣುತ್ತಿರುತ್ತದೆ, ಬಾವಿ ಮಾತ್ರ ಬರಿದಾಗುತ್ತಾ ಹೋಗುತ್ತದೆ. ನೀವು ಈಗ ಮೊಸಾಯಿಕ್ ಸಾಲುಗಳನ್ನು ಎಣಿಸಿ 11 ಮಿ.ಮೀ. ಎಂದು ಹೇಳಬಲ್ಲಿರಿ. ವಾಲ್ವ್ ಹಾಕಿದ ಮರುದಿನದಿಂದ ಆ ಲೆಕ್ಕವೇ ಕೈಗೆ ಸಿಗುವುದಿಲ್ಲ.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ನೀರಿನ ಮೇಲ್ಮೈಯಲ್ಲಿ 1 ಮಿ.ಮೀ. ಇಳಿದರೆ 1 ಲೀಟರ್ ಹೋಯಿತೆಂದು ಅರ್ಥ. ನಿಮ್ಮ ಕೊಳದ ಮೇಲ್ಮೈ 32 ಚದರ ಮೀಟರ್, ಆದ್ದರಿಂದ ದಿನಕ್ಕೆ 352 ಲೀಟರ್, ತಿಂಗಳಿಗೆ ಹತ್ತು ಸಾವಿರ ಲೀಟರಿಗೂ ಹೆಚ್ಚು. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದಲೂ ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟಿನಿಂದಲೂ ಬರುವ ನೀರನ್ನು 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ಹಂಚಿದ ದಿನಗಳನ್ನು ಕಂಡ ನಾವು ಇಷ್ಟು ನೀರನ್ನು ಕಾರಣ ತಿಳಿಯದೆ ಮಣ್ಣಿಗೆ ಬಿಡಬಾರದು.

ಕರಾವಳಿಯ ಸೆಖೆಯಲ್ಲಿ ತೆರೆದ ಕೊಳದಿಂದ ಆವಿಯಾಗುವ ನೀರು, ನಾನು ನಮ್ಮ ಮನೆಯಲ್ಲಿ ಹಲವು ವರ್ಷ ಅಳೆದಂತೆ, ಮಾರ್ಚ್–ಏಪ್ರಿಲ್‌ನಲ್ಲಿ ದಿನಕ್ಕೆ 4ರಿಂದ 6 ಮಿ.ಮೀ. ಮಾತ್ರ. ಇಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬಯಲುಸೀಮೆಯ ಕೊಳಗಳಷ್ಟು ನಮ್ಮವು ಆರುವುದಿಲ್ಲ. ಜನವರಿಯ ಮುಂಜಾನೆ ಘಟ್ಟದ ಕಡೆಯಿಂದ ಒಣಗಾಳಿ ಬೀಸಿ, ಕೊಳದ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುವಾಗ ನೀರಿನ ಮೇಲೆ ಹಬೆ ಏಳುವುದನ್ನು ನೀವೂ ನೋಡಿರಬಹುದು. ಸೆಖೆಯೇ ಇಲ್ಲದ ಆ ದಿನಗಳಲ್ಲೂ ಮಟ್ಟ ಇಳಿಯುವುದು ಆ ಕಾರಣದಿಂದಲೇ. ಹೀಗೆ ಗಾಳಿ, ತೇವ, ನೀರಿನ ಬಿಸಿ ಎಲ್ಲವೂ ದಿನದಿನವೂ ಬದಲಾಗುತ್ತಿರುವುದರಿಂದ ಬೇರೆಯವರ ಮನೆಯ ಅಂಕಿಯನ್ನು ನಂಬದೆ ನಿಮ್ಮ ಕೊಳದಲ್ಲಿಯೇ ಬಕೆಟ್ ಪರೀಕ್ಷೆ ಮಾಡಿ ನೋಡಬೇಕು.

ಹೀಗೆ ಮಾಡಿ. ಒಂದು ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ತೊಳೆದ ಕರಿಕಲ್ಲಿನ ತುಂಡುಗಳನ್ನು ಹಾಕಿ. ಮುರಕಲ್ಲು (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಬೇಡ, ಅದರ ಕೆಂಪು ನೀರಿಗಿಳಿಯುತ್ತದೆ. ಬಕೆಟ್ಟನ್ನು ಕೊಳದ ಮೆಟ್ಟಿಲಿನ ಮೇಲೆ ಅಲುಗದಂತೆ ಇರಿಸಿ, ಅದರೊಳಗೆ ಕೊಳದ ನೀರನ್ನೇ ಹೊರಗಿನ ಮಟ್ಟಕ್ಕೆ ಸಮನಾಗುವಂತೆ ತುಂಬಿಸಿ. ಬಕೆಟ್ಟಿನ ಒಳಗಿನ ಮಟ್ಟಕ್ಕೆ ಒಂದು, ಹೊರಗೆ ಕೊಳದ ಮಟ್ಟಕ್ಕೆ ಒಂದು, ಹೀಗೆ ಎರಡು ಗುರುತು ಹಾಕಿ. ಬಕೆಟ್ಟು ಕೊಳದಲ್ಲಿಯೇ ಮುಳುಗಿ ನಿಂತಿರುವುದರಿಂದ ಎರಡೂ ನೀರು ಒಂದೇ ಬಿಸಿಯಲ್ಲಿರುತ್ತವೆ, ಎರಡರ ಮೇಲೂ ಒಂದೇ ಗಾಳಿ ಬೀಸುತ್ತದೆ. 24 ಗಂಟೆಯ ಬಳಿಕ ಬಕೆಟ್ಟಿನೊಳಗೆ ಇಳಿದದ್ದು ಆವಿ. ಹೊರಗೆ ಅದಕ್ಕಿಂತ ಹೆಚ್ಚಾಗಿ ಇಳಿದದ್ದು ಸೋರಿಕೆ. ಆ ದಿನ ಯಾರೂ ಈಜಬಾರದು, ನೀರು ತುಂಬಿಸಬಾರದು.

ಪರೀಕ್ಷೆಯನ್ನು ಎರಡು ಬಾರಿ ಮಾಡಿ: ಒಂದು ದಿನ ಪಂಪು ಎಂದಿನಂತೆ ಓಡಲಿ, ಮರುದಿನ ಪೂರ್ತಿ ನಿಂತಿರಲಿ. ಪಂಪು ಓಡಿದ ದಿನವೇ ಹೆಚ್ಚು ನೀರು ಹೋದರೆ, ಪಂಪಿನಿಂದ ಕೊಳಕ್ಕೆ ಮರಳುವ ಒತ್ತಡದ ಪೈಪಿನಲ್ಲೋ ಫಿಲ್ಟರಿನ ವಾಲ್ವಿನಲ್ಲೋ ದೋಷವಿದೆ. ನಿಂತ ದಿನವೇ ಹೆಚ್ಚು ಹೋದರೆ, ಕೊಳದಿಂದ ಪಂಪಿಗೆ ನೀರೆಳೆಯುವ ಪೈಪನ್ನು ಅನುಮಾನಿಸಬೇಕು. ಎರಡೂ ದಿನ ಸಮನಾಗಿ ಹೋದರೆ ಮಾತ್ರ ಗೋಡೆ, ನೆಲ, ಸ್ಕಿಮ್ಮರ್‌ನ ಕುತ್ತಿಗೆ ಅಥವಾ ದೀಪದ ಗೂಡಿನ ಕಡೆ ನೋಡಬೇಕು. ಆಗಲೂ ಖಾಲಿ ಮಾಡುವ ಅಗತ್ಯವಿಲ್ಲ. ಪಂಪು ನಿಲ್ಲಿಸಿ, ನೀರು ನಿಶ್ಚಲವಾದ ಮೇಲೆ, ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಅನುಮಾನದ ಬಿರುಕಿನ ಮುಂದೆ ಒಂದೆರಡು ಹನಿ ಬಿಡಿ. ಸೋರಿಕೆಯಿದ್ದರೆ ಬಣ್ಣವು ಅಲ್ಲಲ್ಲೇ ಹರಡದೆ ಒಂದು ಎಳೆಯಾಗಿ ಬಿರುಕಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ಕಿಮ್ಮರ್‌ನ ಪ್ಲಾಸ್ಟಿಕ್ಕು ಕಾಂಕ್ರೀಟಿಗೆ ಕೂಡುವ ಅಂಚಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ನೀರಿನೊಳಗೇ ಗಟ್ಟಿಯಾಗುವ ಎಪಾಕ್ಸಿ ಮೆತ್ತಿ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿದೆವು.

ನೀರು ತುಂಬಿಸುವಾಗ ಎರಡು ಎಚ್ಚರಿಕೆಗಳನ್ನು ಹೇಳಬೇಕು. ರಬ್ಬರ್ ಪೈಪಿನ ತುದಿಯನ್ನು ಕೊಳದೊಳಗೆ ಮುಳುಗಿಸಿ ಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮೇಲಿನ ಟ್ಯಾಂಕಿ ಬರಿದಾಗಿಯೋ ಪಂಪು ನಿಂತೋ ಒತ್ತಡ ಕುಸಿದರೆ ಕೊಳದ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿದು ಕುಡಿಯುವ ನೀರಿಗೆ ಸೇರುವ ಸಾಧ್ಯತೆಯಿದೆ. ಆದ್ದರಿಂದ ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆಯೇ ಇರಲಿ. ಎರಡನೆಯದು ಬಾವಿಯ ನೀರಿನ ಗುಣ. ಮುರಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದದ್ದು, ಹುಳಿಗುಣದ್ದು, ಪಿಎಚ್ 7ಕ್ಕಿಂತ ಕೆಳಗಿನದು. ಅಂಥ ನೀರನ್ನು ಸೇರಿಸುತ್ತಲೇ ಹೋದರೆ ಅದು ನಿಮ್ಮ ಗ್ರೌಟನ್ನೇ ತಿನ್ನುತ್ತಾ ಬರುತ್ತದೆ. ತಿಂಗಳಿಗೊಮ್ಮೆಯಾದರೂ ಕ್ಷಾರೀಯತೆ (ಹುಳಿಯನ್ನು ತಡೆದುಕೊಳ್ಳುವ ನೀರಿನ ಗುಣ) ಅಳೆದು, ಕಡಿಮೆಯಿದ್ದರೆ ಅಡುಗೆ ಸೋಡಾ ಹಾಕಿ. 45,000 ಲೀಟರಿಗೆ ಸುಮಾರು 750 ಗ್ರಾಂ ಹಾಕಿದರೆ ಕ್ಷಾರೀಯತೆ 10 ಪಿಪಿಎಂ ಏರುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ತಾಗಿದೊಡನೆ ಕೊಳವೆಲ್ಲ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಫಿಲ್ಟರ್ ಓಡಿಸಿ ಹಿಡಿಯಬಹುದು. ಉಪ್ಪಿನ ವಿಷಯ ಹಾಗಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಕೊಳದಲ್ಲಿಯೇ ಉಳಿಯುತ್ತದೆ. ಏಪ್ರಿಲ್ ಕಳೆಯುವ ಮೊದಲೇ ನೀವು ಸೋರಿಕೆಯನ್ನು ನಿಲ್ಲಿಸಬೇಕೆಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಉತ್ತರ 2 – ಬ್ರಹ್ಮಾವರ

ನಾನು ಕಟ್ಟಡ ಕೆಲಸದವನು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಕಳವಳಕ್ಕೆ ದೂಡಿದ್ದು ಸೋರಿಕೆಯಲ್ಲ, ಮೇ ಕೊನೆಯ ವಾರದಲ್ಲಿ ಕೊಳ ಖಾಲಿ ಮಾಡುತ್ತೇವೆ ಎಂಬ ಮಾತು. ಪತ್ತನಾಜೆ (ಮೇ ಕೊನೆಯ ಭಾಗದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಕಳೆದ ಮೇಲೆ ನಮ್ಮ ಊರುಗಳಲ್ಲಿ, ಅದರಲ್ಲೂ ಹೊಳೆಯ ಪಕ್ಕದಲ್ಲಿ, ಕೊಳವನ್ನು ಖಾಲಿ ಮಾಡುವುದು ಬಹಳ ಅಪಾಯಕರ. ದಯವಿಟ್ಟು ಇದನ್ನು ಹಗುರವಾಗಿ ಎಣಿಸಬೇಡಿ.

ಕಾರಣ ನಿಮ್ಮ ಮನೆಯ ಬಾವಿಯಲ್ಲೇ ಇದೆ. ಬಾವಿಯಲ್ಲಿ ಕಾಣುವ ನೀರಿನ ಮಟ್ಟ ಬಾವಿಯದ್ದು ಮಾತ್ರವಲ್ಲ, ಸುತ್ತಲಿನ ನೆಲದೊಳಗಿನ ನೀರು ಅಷ್ಟೇ ಎತ್ತರಕ್ಕೆ ನಿಂತಿದೆ ಎಂಬುದರ ಗುರುತು. ಮುರಕಲ್ಲು ತೂತುತೂತಾದ ಕಲ್ಲು, ನೀರನ್ನು ಬೇಗ ಬಿಟ್ಟುಕೊಡುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕಟ್ಟೆಯಿಂದ ಬಗ್ಗಿ ಕೊಡಪಾನ ಮುಳುಗಿಸುವಷ್ಟು ಮೇಲಕ್ಕೆ ಬಾವಿ ತುಂಬಿ ಬರುತ್ತದೆಯಲ್ಲ, ಆಗ ನಿಮ್ಮ ಕೊಳದ ಗೋಡೆಗಳ ಹೊರಗೂ ನೀರು ಅದೇ ಎತ್ತರಕ್ಕೆ ನಿಂತಿರುತ್ತದೆ. ಕೊಳದೊಳಗೆ ನೀರಿದ್ದರೆ ಒಳಗಿನ ಭಾರ ಹೊರಗಿನ ಒತ್ತಡವನ್ನು ತಡೆಯುತ್ತದೆ. ಒಳಗೆ ಬರಿದಾದರೆ ಆ ಕಾಂಕ್ರೀಟಿನ ತೊಟ್ಟಿ ದೋಣಿಯಾಗುತ್ತದೆ.

ನಿಮ್ಮ ಅಳತೆಗಳಿಂದಲೇ ಲೆಕ್ಕ ಹಾಕೋಣ. ಗೋಡೆಯೂ ನೆಲವೂ 20 ಸೆಂ.ಮೀ. ದಪ್ಪವೆಂದು ಇಟ್ಟುಕೊಂಡರೆ, ನೆಲದ ಕಾಂಕ್ರೀಟ್ ಸುಮಾರು 16 ಟನ್, ಸುತ್ತಲಿನ 24 ಮೀಟರ್ ಗೋಡೆ ಸುಮಾರು 17 ಟನ್, ಒಟ್ಟು 33 ಟನ್ ಆಯಿತು. ಗೋಡೆಯ ದಪ್ಪವೂ ಸೇರಿದರೆ ಕೊಳದ ಹೊರ ಅಳತೆ 8.4 ಮೀಟರಿಗೆ 4.4 ಮೀಟರ್, ಅಂದರೆ ಸುಮಾರು 37 ಚದರ ಮೀಟರ್. ನೆಲದಡಿಯ ನೀರು ಕೊಳದ ತಳಕ್ಕಿಂತ 1.2 ಮೀಟರ್ ಮೇಲೆ ನಿಂತರೆ ಕೆಳಗಿನಿಂದ ಎತ್ತುವ ಬಲ 44 ಟನ್ನಿನಷ್ಟಾಗುತ್ತದೆ. ಒಳಗೆ 45 ಟನ್ ನೀರಿರುವಾಗ ಅದರಿಂದ ಏನೂ ಆಗುವುದಿಲ್ಲ. ನೀರು ತೆಗೆದರೆ ಕಾಂಕ್ರೀಟಿನ 33 ಟನ್ ಅದನ್ನು ಹಿಡಿದಿಡಲಾರದು.

ಹೊಳೆಬದಿಯ ಮನೆಯೊಂದರಲ್ಲಿ ಇದನ್ನು ನೋಡಲು ನನ್ನನ್ನು ಕರೆದಿದ್ದರು. ಪಾಚಿ ಕಟ್ಟಿತೆಂದು ಜುಲೈಯಲ್ಲಿ ಕೊಳದ ನೀರನ್ನೆಲ್ಲ ಎತ್ತಿ, ರಾತ್ರಿ ಹಾಗೆಯೇ ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಆಳದ ತುದಿಯ ಅಂಚು ಸುತ್ತಲಿನ ನೆಲಹಾಸಿಗಿಂತ ಒಂದು ಅಂಗೈ ಅಗಲ ಮೇಲೆದ್ದಿತ್ತು, ಪಂಪಿನ ಕೋಣೆಗೆ ಹೋಗುವ ಪೈಪು ಬುಡದಲ್ಲಿಯೇ ಮುರಿದಿತ್ತು, ನೆಲದ ಬಿರುಕಿನಿಂದ ಕೆಂಪು ನೀರು ಒರತೆಯಂತೆ ಉಕ್ಕುತ್ತಿತ್ತು. ಆ ಕೊಳವನ್ನು ಮರಳಿ ತನ್ನ ಜಾಗದಲ್ಲಿ ಕೂರಿಸಲು ಆಗಲಿಲ್ಲ. ಕೊನೆಗೆ ಒಡೆದು ತೆಗೆಯಬೇಕಾಯಿತು. ಆ ಮನೆಯ ಯಜಮಾನರು ಅಂಚಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು.

ಆದ್ದರಿಂದ ಯಾರೇ ಖಾಲಿ ಮಾಡುತ್ತೇವೆಂದರೂ ಮೊದಲು ಬಾವಿಯನ್ನು ಅಳೆಯಿರಿ. ಬಾವಿಯ ಕಟ್ಟೆಯೂ ಕೊಳದ ಅಂಚೂ ಒಂದೇ ಎತ್ತರದಲ್ಲಿವೆ ಎಂದು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಬಾವಿಕಟ್ಟೆಗೂ ಇನ್ನೊಂದನ್ನು ಕೊಳದ ಅಂಚಿಗೂ ಹಿಡಿದರೆ ಎತ್ತರದ ವ್ಯತ್ಯಾಸ ನಿಖರವಾಗಿ ತಿಳಿಯುತ್ತದೆ. ಆಮೇಲೆ ಹಗ್ಗಕ್ಕೆ ಗಂಟು ಹಾಕಿ ಕಟ್ಟೆಯಿಂದ ನೀರಿನವರೆಗಿನ ದೂರ ಅಳೆಯಿರಿ. ನಿಮ್ಮ ಕೊಳದ ತಳ, ಕಾಂಕ್ರೀಟೂ ಸೇರಿ, ಆಳದ ತುದಿಯಲ್ಲಿ ಅಂಚಿನಿಂದ ಸುಮಾರು 2 ಮೀಟರ್ ಕೆಳಗಿರುತ್ತದೆ. ಬಾವಿಯ ನೀರು ಅದಕ್ಕಿಂತಲೂ ಸಾಕಷ್ಟು ಕೆಳಗಿದ್ದರೆ ಮಾತ್ರ ಖಾಲಿ ಮಾಡುವ ಮಾತು. ಇನ್ನೊಂದು ವಿಷಯ: ನಿಮ್ಮದು ಉಬ್ಬರವಿಳಿತ ಬರುವ ಹೊಳೆಯ ಪಕ್ಕದ ಜಾಗ. ಭರತದ ಹೊತ್ತಿಗೂ ಇಳಿತದ ಹೊತ್ತಿಗೂ ಬಾವಿಯ ಮಟ್ಟ ಬೇರೆಯಾಗಬಹುದು, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಆ ಅಂತರ ಇನ್ನೂ ಹೆಚ್ಚಬಹುದು. ಒಮ್ಮೆ ಅಳೆದು ಸಮಾಧಾನಪಡಬೇಡಿ.

ಕೊಳದ ತಳದ ಮುಖ್ಯ ಡ್ರೈನಿನಲ್ಲಿ ಹೈಡ್ರೊಸ್ಟ್ಯಾಟಿಕ್ ವಾಲ್ವ್ ಇದೆಯೇ ಎಂದು ಗುತ್ತಿಗೆದಾರರನ್ನು ಕೇಳಿ. ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಾದಾಗ ಅದು ತೆರೆದುಕೊಂಡು ನೆಲದಡಿಯ ನೀರನ್ನೇ ಕೊಳದೊಳಕ್ಕೆ ಬಿಡುತ್ತದೆ, ಕೊಳ ಉಳಿಯುತ್ತದೆ. ಮನೆಗಳ ಕೊಳಗಳಲ್ಲಿ ಅನೇಕ ಕಡೆ ಇದನ್ನು ಹಾಕಿರುವುದೇ ಇಲ್ಲ. ಇದ್ದರೂ ಮರಳಿನ ಕಣ ಸಿಕ್ಕಿ ಅರ್ಧ ತೆರೆದೇ ಉಳಿದು, ಅದೇ ಒಂದು ಸೋರಿಕೆಯಾಗುವುದೂ ಉಂಟು.

ಗ್ರೌಟ್ ಬಿಟ್ಟಿರುವುದು ನೀರಿನ ಗೆರೆಯ ಹತ್ತಿರ ಮಾತ್ರವಾದರೆ ಮೂವತ್ತು ನಲವತ್ತು ಸೆಂಟಿಮೀಟರ್ ಇಳಿಸಿ ಕೆಲಸ ಮುಗಿಸಬಹುದು. ಇಳಿಸಿದ ನೀರನ್ನು ಕ್ಲೋರಿನ್ ಇರುವಾಗಲೇ ತೋಡಿಗೆ ಬಿಡಬೇಡಿ, ಮೀನುಗಳು ಸಾಯುತ್ತವೆ. ಕ್ಲೋರಿನ್ ಹಾಕುವುದನ್ನು ಕೆಲವು ದಿನ ನಿಲ್ಲಿಸಿದರೆ ಬಿಸಿಲಿಗೆ ಅದು ಇಳಿಯುತ್ತದೆ. ಪರೀಕ್ಷಾ ಪಟ್ಟಿಯಲ್ಲಿ ಸೊನ್ನೆ ತೋರಿಸಿದ ಮೇಲೆ ತೋಟಕ್ಕೆ ಹರಿಸಿ.

ಉತ್ತರ 3 – ಮಲ್ಪೆ

ಹಾಟ್ ಟಬ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಹೋಂಸ್ಟೇಯಲ್ಲಿ ನಾಲ್ಕು ಜನರ ಟಬ್ ಒಂದನ್ನು ಐದು ವರ್ಷಗಳಿಂದ ನಡೆಸುತ್ತಿದ್ದೇವೆ.

ನಿಮ್ಮ ಟಬ್ಬಿನಲ್ಲಿ ನೀರು ಕಡಿಮೆಯಿದೆ. ಅದು ಜನ ಕುಳಿತಾಗ ಮಾತ್ರ ಸರಿಯಾಗಿ ಕಾಣುತ್ತಿದೆ. ಕುತ್ತಿಗೆಯವರೆಗೆ ಮುಳುಗಿದ ಒಬ್ಬ ವಯಸ್ಕರು ಸುಮಾರು 65 ಲೀಟರ್ ನೀರನ್ನು ಮೇಲಕ್ಕೆ ತಳ್ಳುತ್ತಾರೆ. ನಾಲ್ಕು ಜನರಾದರೆ 260 ಲೀಟರ್. ಟಬ್ಬಿನ ಮೇಲ್ಮೈ 4 ಚದರ ಮೀಟರ್ ಎಂದುಕೊಂಡರೆ ಮಟ್ಟ 6.5 ಸೆಂ.ಮೀ. ಏರುತ್ತದೆ. ಅವರು ಎದ್ದೊಡನೆ ಅಷ್ಟೇ ಇಳಿಯುತ್ತದೆ, ಮೈಗಂಟಿದ ಮತ್ತು ಚೆಲ್ಲಿದ ನೀರಿನ ಲೆಕ್ಕ ಬೇರೆ. ಆಗ ಫಿಲ್ಟರಿನ ಬಾಯಿ ಗಾಳಿಯನ್ನು ಎಳೆದು, ಹೀಟರಿನ ಮೂಲಕ ಹರಿಯುವ ನೀರು ಸಾಲದಾಗುತ್ತದೆ. ಒಣಗಿದ ಹೀಟರ್ ಸುಟ್ಟುಹೋಗದಿರಲೆಂದು ಯಂತ್ರ ತಾನೇ ನಿಲ್ಲುತ್ತದೆ. ಆ ಗುರುತನ್ನು ಅಳಿಸಿ ಅಳಿಸಿ ಮತ್ತೆ ಓಡಿಸಬೇಡಿ.

ಟಬ್ಬಿನಲ್ಲಿ ಯಾರೂ ಇಲ್ಲದಿರುವಾಗ, ಕುತ್ತಿಗೆಯ ಹತ್ತಿರದ ದಿಂಬಿನ ಜೆಟ್‌ಗಳನ್ನು (ನೀರು ಚಿಮ್ಮುವ ತೂತುಗಳನ್ನು) ಬಿಟ್ಟು ಉಳಿದ ಎಲ್ಲಕ್ಕಿಂತ ಮೇಲಿನ ಜೆಟ್ ಮುಳುಗಿ, ಸ್ಕಿಮ್ಮರ್‌ನ ಬಾಯಿ ಅರ್ಧಕ್ಕಿಂತ ತುಸು ಹೆಚ್ಚು ತುಂಬಿರಬೇಕು. ಆ ಮಟ್ಟಕ್ಕೆ ಒಂದು ಗುರುತು ಹಾಕಿಡಿ. ಅದಕ್ಕಿಂತ ಮೇಲಕ್ಕೆ ತುಂಬಿಸಿದರೆ ನಾಲ್ವರು ಕುಳಿತಾಗ ಬಿಸಿ ಮಾಡಿದ ನೀರು ಹೊರಗೆ ಹೋಗುತ್ತದೆ. ಮುಚ್ಚಳವನ್ನು ತಪ್ಪದೆ ಹಾಕಿ. 38–40 ಡಿಗ್ರಿಯ ನೀರನ್ನು ಕಡಲಗಾಳಿಗೆ ತೆರೆದಿಟ್ಟರೆ ಬೆಳಗಾಗುವುದರೊಳಗೆ ಅರ್ಧ ಬೆರಳಗಲ ಇಳಿದಿರುತ್ತದೆ, ನೀರಿನ ಜೊತೆ ವಿದ್ಯುತ್ತೂ ಹೋಗುತ್ತದೆ. ಮಳೆಗಾಲದಲ್ಲಿ ಮುಚ್ಚಳದ ನಡುವಿನ ಮಡಿಕೆ ತಗ್ಗಿ ನೀರು ನಿಂತರೆ ಅಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮಲೇರಿಯಾ, ಡೆಂಗಿ ಎರಡನ್ನೂ ಬಲ್ಲ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಬ್ಬಿಗೆ ನೀರು ಸೇರಿಸುತ್ತಾ ಹೋದರಷ್ಟೇ ಸಾಲದು, ಪೂರ್ತಿ ಬದಲಾಯಿಸಲೂ ಬೇಕು. ಒಟ್ಟು ಲೀಟರನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ಅದರಿಂದ ಭಾಗಿಸಿದರೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕೆಂದು ತಿಳಿಯುತ್ತದೆ. 1,100 ಲೀಟರಿನ ಟಬ್ಬಿಗೆ ದಿನವೂ ನಾಲ್ವರು ಇಳಿದರೆ 25 ದಿನ. ಮನೆಯಲ್ಲಿ ಬಳಕೆ ಕಡಿಮೆಯಿದ್ದರೂ ಮೂರು ನಾಲ್ಕು ತಿಂಗಳಿಗಿಂತ ಮುಂದೂಡಬೇಡಿ. ಖಾಲಿ ಮಾಡುವ ಮೊದಲು ವಿದ್ಯುತ್ ತಪ್ಪಿಸಿ. ಮತ್ತೆ ತುಂಬುವಾಗ ಫಿಲ್ಟರ್ ತೆಗೆದು, ಪೈಪನ್ನು ಆ ಗುಳಿಯಲ್ಲೇ ಇಟ್ಟು ತುಂಬಿಸಿದರೆ ಒಳಗಿನ ಗಾಳಿ ಹೊರಬಂದು ಪಂಪು ಸುಲಭವಾಗಿ ನೀರು ಹಿಡಿಯುತ್ತದೆ. ಈ ಒಂದು ಸಂದರ್ಭದಲ್ಲಿ ಪೈಪಿನ ತುದಿ ಒಳಗಿರುವುದರಿಂದ, ತುಂಬಿದೊಡನೆ ಅದನ್ನು ಹೊರಗೆ ತೆಗೆಯಲು ಮರೆಯಬೇಡಿ.

ಪ್ರಶ್ನೆ ಕೇಳಿದವರಿಂದ – ಹತ್ತು ದಿನಗಳ ಬಳಿಕ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದ್ದನ್ನೆಲ್ಲ ಮಾಡಿದೆವು.

ಪಂಪು ನಿಲ್ಲಿಸಿದ ದಿನ ಬಕೆಟ್ಟಿನಲ್ಲಿ 5 ಮಿ.ಮೀ., ಕೊಳದಲ್ಲಿಯೂ 5 ಮಿ.ಮೀ. ಇಳಿಯಿತು. ಎಂಟು ಗಂಟೆ ಪಂಪು ಓಡಿಸಿದ ದಿನ ಬಕೆಟ್ಟಿನಲ್ಲಿ ಅದೇ 5, ಕೊಳದಲ್ಲಿ 11. ಗೋಡೆ, ನೆಲ, ಗ್ರೌಟ್ ಯಾವುದರಲ್ಲೂ ದೋಷವಿಲ್ಲವೆಂದು ಅಂದೇ ಖಚಿತವಾಯಿತು. ಪಂಪು ಓಡುತ್ತಿರುವಾಗ ಪೈಪಿನ ದಾರಿಯುದ್ದಕ್ಕೂ ನಡೆದು ನೋಡಿದೆ, ಎಲ್ಲಿಯೂ ತೇವ ಸಿಗಲಿಲ್ಲ. ಆಗ ಅಮ್ಮ, ಹಿತ್ತಿಲಿನ ಮೂಲೆಯಲ್ಲಿ ಈ ಬೇಸಿಗೆಯಲ್ಲೂ ಕೆಸು ಎಷ್ಟು ಸೊಂಪಾಗಿ ಬೆಳೆದಿದೆ ನೋಡು, ಪತ್ರೊಡೆಗೆ ಮಳೆಗಾಲದವರೆಗೆ ಕಾಯಬೇಕಾಗಿಲ್ಲ ಎಂದರು. ಮಾರ್ಚ್ ತಿಂಗಳಲ್ಲಿ ಕೆಸು ಅಷ್ಟು ಹಸಿರಾಗಿರಲು ನೀರೆಲ್ಲಿಂದ ಬಂತು ಎಂದು ಎಲೆಗಳನ್ನು ಸರಿಸಿ ನೋಡಿದರೆ, ಫಿಲ್ಟರಿನ ಬ್ಯಾಕ್‌ವಾಶ್ ನೀರನ್ನು, ಅಂದರೆ ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆದ ನೀರನ್ನು, ಹೊರಗೆ ಬಿಡುವ ಪೈಪಿನ ತುದಿ ಅಲ್ಲಿಯೇ ಇತ್ತು, ಅದರಿಂದ ಕಿರುಬೆರಳಿನಷ್ಟು ಸಪೂರದ ಧಾರೆ ಸದ್ದಿಲ್ಲದೆ ಹರಿಯುತ್ತಿತ್ತು. ಫಿಲ್ಟರಿನ ಮೇಲೆ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಕೆ ಫಿಲ್ಟರ್ ಎಂಬ ಗುರುತಿನಲ್ಲಿಯೇ ಇತ್ತು. ಹಾಗಿರುವಾಗ ಆ ಪೈಪಿನಲ್ಲಿ ಒಂದು ಹನಿಯೂ ಬರಬಾರದು.

ಒಂದು ಲೀಟರಿನ ಬಾಟಲಿ ಹಿಡಿದೆ. ಎರಡೂವರೆ ನಿಮಿಷದಲ್ಲಿ ತುಂಬಿತು. ಗಂಟೆಗೆ 24 ಲೀಟರ್, ಎಂಟು ಗಂಟೆಗೆ 192 ಲೀಟರ್, ಅದನ್ನು 32ರಿಂದ ಭಾಗಿಸಿದರೆ 6 ಮಿ.ಮೀ. ಕೊಳದಲ್ಲಿ ಹೆಚ್ಚಾಗಿ ಇಳಿಯುತ್ತಿದ್ದ ನೀರೆಲ್ಲವೂ ಅಲ್ಲಿಯೇ ಸಿಕ್ಕಿತು. ಆ ವಾಲ್ವನ್ನು ಬಿಚ್ಚಿದಾಗ, ಒಳಗೆ ಚಕ್ರದ ಅರಗಳಂತಿರುವ ರಬ್ಬರ್ ಗ್ಯಾಸ್ಕೆಟ್ಟಿನ ಒಂದು ಅರ ತಾನು ಕೂರುವ ಗೀರಿನಿಂದ ಎದ್ದು ತಿರುಚಿಕೊಂಡಿತ್ತು. ಪಂಪು ಓಡುತ್ತಿರುವಾಗಲೇ ಹಿಡಿಕೆ ತಿರುಗಿಸುವ ಅಭ್ಯಾಸ ನಮ್ಮ ಮನೆಯಲ್ಲಿತ್ತು, ಅದರಿಂದಲೇ ಹೀಗಾಗಿರಬೇಕು. ಹೊಸ ಗ್ಯಾಸ್ಕೆಟ್ ಹಾಕಿ ನಾಲ್ಕು ದಿನವಾಯಿತು, ಈಗ ಕೊಳ ಮತ್ತು ಬಕೆಟ್ ಎರಡೂ ಜೊತೆಜೊತೆಯಾಗಿಯೇ ಇಳಿಯುತ್ತಿವೆ. ಹಾಟ್ ಟಬ್ಬಿಗೆ ಸುಮಾರು 5 ಸೆಂ.ಮೀ. ನೀರು ಸೇರಿಸಿದ ಮೇಲೆ ದೋಷದ ಗುರುತು ಮತ್ತೆ ಬಂದಿಲ್ಲ.

ಬಾವಿಯನ್ನೂ ಅಳೆದೆವು. ಲೆವೆಲ್ ಪೈಪಿನಂತೆ ನೋಡಿದರೆ, ಭರತದ ಹೊತ್ತಿಗೆ ಬಾವಿಯ ನೀರು ಕೊಳದ ಅಂಚಿನಿಂದ 2.3 ಮೀಟರ್ ಕೆಳಗಿದೆ. ಈ ಒಣ ಮಾರ್ಚ್‌ನಲ್ಲೂ ಕೊಳದ ತಳಕ್ಕೂ ನೆಲದಡಿಯ ನೀರಿಗೂ ನಡುವೆ ಇರುವುದು ಒಂದೂವರೆ ಗೇಣು ಮಾತ್ರ ಎಂದು ತಿಳಿದಾಗ ನಿಜಕ್ಕೂ ಭಯವಾಯಿತು. ಮೇ ತಿಂಗಳ ಕೆಲಸವನ್ನು ರದ್ದುಮಾಡಿದ್ದೇವೆ.

ಒಂದು ಪ್ರಶ್ನೆ ಉಳಿಯಿತು. ಜೂನ್ ನಂತರ ನೀರು ಹೆಚ್ಚಾಗಿ ಸ್ಕಿಮ್ಮರ್ ಪೂರ್ತಿ ಮುಳುಗುತ್ತದೆ, ಎಲೆಗಳು ಒಳಕ್ಕೆ ಹೋಗದೆ ಮೇಲೆಯೇ ತೇಲುತ್ತವೆ. ಆಗ ಏನು ಮಾಡಬೇಕು?

ಉತ್ತರ 2 – ಬ್ರಹ್ಮಾವರ, ಮತ್ತೆ

ಓದಿ ಬಹಳ ಸಂತೋಷವಾಯಿತು. ಬಾಟಲಿ ಹಿಡಿದು ಅಳೆದದ್ದು ಎಲ್ಲಕ್ಕಿಂತ ಒಳ್ಳೆಯ ಕೆಲಸ.

ಮಳೆಗಾಲಕ್ಕೆ ಪಂಪನ್ನು ನಂಬಬೇಡಿ, ಒಂದು ಓವರ್‌ಫ್ಲೋ ಪೈಪ್ ಹಾಕಿಸಿ. ಒಂದೇ ದಿನ 150 ಮಿ.ಮೀ. ಸುರಿಯುವುದು ನಮ್ಮಲ್ಲಿ ಅಪರೂಪವಲ್ಲ, ನಿಮ್ಮ ಕೊಳಕ್ಕೆ ಅದು 4,800 ಲೀಟರ್. ಅದೂ ಬಹುಪಾಲು ವಿದ್ಯುತ್ ಇಲ್ಲದ ರಾತ್ರಿಯಲ್ಲೇ ಬರುತ್ತದೆ. ಸ್ಕಿಮ್ಮರ್ ಬಾಯಿಯ ಮುಕ್ಕಾಲು ಎತ್ತರಕ್ಕೆ ಸರಿಯಾಗಿ ಗೋಡೆಯಲ್ಲಿ 75 ಮಿ.ಮೀ. ಪೈಪ್ ಕೂರಿಸಿ, ಇಳಿಜಾರಿನಲ್ಲಿ ತೋಟದ ಕಡೆಗೆ ಬಿಟ್ಟರೆ ನೀರು ತಾನಾಗಿಯೇ ಹೋಗುತ್ತದೆ. ಇದಕ್ಕೆ ಅಷ್ಟು ಎತ್ತರದವರೆಗೆ ಮಾತ್ರ ನೀರು ಇಳಿಸಿದರೆ ಸಾಕು, ಈ ಕೆಲಸವನ್ನು ಏಪ್ರಿಲ್‌ನಲ್ಲೇ ಮಾಡಿಸಿ. ಪೈಪಿನ ಬಾಯಿಗೆ ಜಾಲರಿ ಇರಲಿ, ಹೊರತುದಿಗೂ ಒಂದು ಜಾಲರಿ ಇರಲಿ, ಇಲ್ಲವಾದರೆ ಕಪ್ಪೆಗಳು ಹತ್ತಿ ಬರುತ್ತವೆ. ಕೊಳದ ಸುತ್ತಲಿನ ನೆಲಹಾಸು ಹೊರಮುಖವಾಗಿ ಇಳಿಜಾರಾಗಿದೆಯೇ ಎಂದು ಒಂದು ಕೊಡ ನೀರು ಸುರಿದು ನೋಡಿ. ತೋಟದ ಕೆಂಪು ನೀರು ಒಳಗೆ ಹರಿದರೆ ಫಿಲ್ಟರ್ ಎಷ್ಟು ಓಡಿಸಿದರೂ ಸಾಲದು.

ಹೊರಗೆ ಹೋಗುವ ನೀರಿನ ಜೊತೆ ಕ್ಲೋರಿನ್ನೂ ಕ್ಷಾರೀಯತೆಯೂ ಹೋಗುತ್ತವೆ. ದೊಡ್ಡ ಮಳೆಯ ಮರುದಿನ ಎರಡನ್ನೂ ಅಳೆಯಿರಿ. ಬೇಸಿಗೆಯಲ್ಲಿ ಸೇರಿಕೊಂಡ ಉಪ್ಪೂ ಅದೇ ದಾರಿಯಲ್ಲಿ ಹೋಗುತ್ತದೆ, ಅದು ನಿಮಗೆ ಲಾಭ.

ಫ್ಲೋಟ್ ವಾಲ್ವ್ ಬೇಕೆನಿಸಿದರೆ ಈಗ ಹಾಕಿಸಬಹುದು. ಆದರೆ ಅದಕ್ಕೆ ಹೋಗುವ ಪೈಪಿಗೆ ಒಂದು ಸಣ್ಣ ನೀರಿನ ಮೀಟರ್ ಸೇರಿಸಿ, ವಾರಕ್ಕೊಮ್ಮೆ ಅಂಕಿ ಬರೆದಿಡಿ. ದಿನಕ್ಕೆ 160 ಲೀಟರಿನ ಆಸುಪಾಸಿನಲ್ಲಿದ್ದರೆ ಅದು ಆವಿಯ ಲೆಕ್ಕ. 200 ದಾಟಿದ ವಾರ ಮತ್ತೆ ಬಕೆಟ್ಟನ್ನು ಮೆಟ್ಟಿಲಿನ ಮೇಲಿಡಿ. ಜೂನ್ ಮೊದಲ ಮಳೆ ಬಿದ್ದ ದಿನ ಆ ವಾಲ್ವಿನ ನಲ್ಲಿಯನ್ನು ಮುಚ್ಚಿ, ಮಳೆ ನಿಂತು ಬಿಸಿಲು ಕಾಯುವವರೆಗೆ ತೆರೆಯಬೇಡಿ.